ಹಳ್ಳದಾಚೆ ಇಪ್ಪತ್ತಾರು ದಿನ

ಆ ವರ್ಷ ಯುಗಾದಿ ಕಳೆದ ಮೇಲೆ ಸರ್ವೆಯವರು ತುಂಗಭದ್ರೆಯ ದಂಡೆಯ ಕಾಡಿನಲ್ಲಿ ಹನ್ನೆರಡು ಡೇರೆ ಹಾಕಿದರು. ಹೊಸಪೇಟೆಯಿಂದ ಹೊಳೆಗುಂಟ ಮೇಲಕ್ಕೆ ಬಂಡಿಯಲ್ಲಿ ಒಂದು ದಿನದ ದಾರಿ. ಆಣೆಕಟ್ಟು ಎಲ್ಲಿ ಕಟ್ಟಬಹುದು, ಕಟ್ಟಿದರೆ ನೀರು ಎಲ್ಲಿಯವರೆಗೆ ನಿಂತೀತು ಎಂದು ಅಳೆದು ನೋಡುವುದು ಅವರ ಕೆಲಸ. ಆಗ ಈ ದಂಡೆ ಮದ್ರಾಸ್ ಸರ್ಕಾರದ್ದು, ಆಚೆ ದಂಡೆ ನಿಜಾಮರದು.

ಡೇರೆ ಹಾಕಿದ ಜಾಗ ಒಂದು ನಾಲಗೆಯಂತೆ ಹೊಳೆಯೊಳಕ್ಕೆ ಚಾಚಿಕೊಂಡಿತ್ತು. ಮುಂದೆ ಹೊಳೆ, ಪಕ್ಕದಲ್ಲಿ ಒಂದು ಹಳ್ಳ, ಬೆನ್ನಿಗೆ ಕರಡಿಗಳಿರುವ ಕಡಿದಾದ ಗುಡ್ಡ. ಮತ್ತಿ, ಹೊಂಗೆ, ಈಚಲು ಒತ್ತಾಗಿ ಬೆಳೆದು ಮಧ್ಯಾಹ್ನದಲ್ಲೂ ನೆಲಕ್ಕೆ ಬಿಸಿಲು ಬೀಳುತ್ತಿರಲಿಲ್ಲ. ಬೇಸಿಗೆಯಲ್ಲಿ ಹಳ್ಳದಲ್ಲಿ ನೀರಿರಲಿಲ್ಲ. ಬಂಡಿಗಳು ಅದರ ಮರಳಿನ ಮೇಲೆಯೇ ಹಾದುಬರುತ್ತಿದ್ದವು.

ಸರ್ವೆಯಲ್ಲಿ ನೆಲ ಅಳೆಯುವ ಚೈನು ಹಿಡಿಯುವ ಕೆಲಸಕ್ಕಿದ್ದವನು ಪಾಲಪ್ಪ. ಸಂಡೂರು ಕಡೆಯ ವಡ್ಡು ಎಂಬ ಊರಿನವನು. ಅವನ ಹೆಂಡತಿ ಹೊಳೆಮ್ಮ ಕಂಪ್ಲಿಯ ಅಂಬಿಗರ ಮಗಳು. ಹರಿಗೋಲು ಹಾಕುವವರ ಮನೆಯಲ್ಲಿ ಹುಟ್ಟಿದವಳು. ಮದುವೆಯಾಗಿ ಆರು ವರ್ಷವಾಗಿತ್ತು. ಒಂದು ಮಗು ಹುಟ್ಟಿ ಹನ್ನೊಂದು ತಿಂಗಳಿಗೆ ತೀರಿಹೋಗಿತ್ತು. ಆಮೇಲೆ ಅವಳು ಗಂಡ ಕೆಲಸಕ್ಕೆ ಹೋದಲ್ಲಿಗೆಲ್ಲ ತಾನೂ ಹೋಗುತ್ತಿದ್ದಳು. ಇಲ್ಲಿಯೂ ಆಳುಗಳಿಗೆ ರೊಟ್ಟಿ ಬಡಿದುಕೊಂಡು, ನೀರು ಹೊತ್ತುಕೊಂಡು ಇದ್ದಳು. ಪಾಲಪ್ಪ ಮಾತುಗಾರ. ಹೊಳೆಮ್ಮನಿಗೆ ಕೇಳುವುದೇ ಹೆಚ್ಚು ಇಷ್ಟ.

ಮುಂಗಾರು ಹತ್ತಿರ ಬಂದಾಗ ಸರ್ವೆಯವರು ಡೇರೆ ಕಿತ್ತರು. ಆದರೆ ಮಳೆಗಾಲದಲ್ಲಿ ಹೊಳೆ ಎಷ್ಟು ಏರುತ್ತದೆ ಎಂಬ ಲೆಕ್ಕ ಬೇಕಿತ್ತು. ಅದಕ್ಕಾಗಿ ದಂಡೆಯಲ್ಲಿ ಮೆಟ್ಟಿಲಿನಂತೆ ಒಂದಕ್ಕಿಂತ ಒಂದು ಎತ್ತರದಲ್ಲಿ ಮೂರು ಕಂಬ ನೆಟ್ಟು, ಬಿಳಿ ಬಣ್ಣ ಬಳಿದು, ಅಡಿಗೊಂದು ಇಂಗ್ಲಿಷ್ ಅಂಕಿ, ಅಂಗುಲಕ್ಕೊಂದು ಗೆರೆ ಬರೆದಿದ್ದರು. ಗೇಜಿನ ಕಂಬ ಎನ್ನುತ್ತಿದ್ದರು ಅದಕ್ಕೆ. ದಿನಕ್ಕೆ ಮೂರು ಸಲ ನೀರು ಎಲ್ಲಿಗೆ ಮುಟ್ಟಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಓವರ್ಸೀರ್ ಕೊಟ್ರಯ್ಯ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಅಂಕಿ ಬರೆಯಲು ಯಾರಿಗೆ ಬರುತ್ತದೆ ಎಂದು ಕೇಳಿದ. ಪಾಲಪ್ಪ ಕೈ ಎತ್ತಿದ.

"ಮೂರು ತಿಂಗಳು ಇಲ್ಲೇ ಇರಬೇಕಾಗ್ತೈತಿ, ನೋಡಪಾ. ಹೊಳಿ ಏರಿದ್ರ ಹಳ್ಳದಾಗ ನೀರು ಹಿಂದಕ್ಕ ಒತ್ತತೈತಿ. ಆಗ ನಾವು ಬರಾಕ ಆಗಂಗಿಲ್ಲ, ನೀ ಹೋಗಾಕ ಆಗಂಗಿಲ್ಲ," ಎಂದ ಕೊಟ್ರಯ್ಯ.

"ಇರ್ತೀವ್ರಿ. ನಾನು, ನನ್ನ ಹೆಂಡ್ತಿ. ಇಡೀ ಅಡವಿಗೆ ನಾವಿಬ್ಬರ ದೊರಿ!" ಎಂದು ಪಾಲಪ್ಪ ನಕ್ಕ.

ಒಂದು ಡೇರೆ, ಎರಡು ಮಂಚ, ಮೂರು ಚೀಲ ಜೋಳದ ಹಿಟ್ಟು, ಬೇಳೆ, ಉಪ್ಪು, ಒಂದು ಡಬ್ಬಿ ಜ್ವರದ ಗುಳಿಗೆ, ಹಾರೆ, ಸಲಿಕೆ ಬಿಟ್ಟು ಅವರು ಹೊರಟುಹೋದರು. ಹರಿಗೋಲನ್ನೂ ಒಯ್ದರು. ಬಂಡಿಗಳ ಸದ್ದು ನಿಂತ ಮೇಲೆ ಹೊಳೆಮ್ಮನಿಗೆ ಮೊದಲ ಸಲ ಕಾಡು ಎಷ್ಟು ದೊಡ್ಡದೆಂದು ತಿಳಿಯಿತು.

ಮೊದಲ ತಿಂಗಳು ಚೆನ್ನಾಗಿಯೇ ಕಳೆಯಿತು. ಪಾಲಪ್ಪ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಕಂಬದ ಹತ್ತಿರ ಇಳಿದು, ಬಗ್ಗಿ ನೋಡಿ, ಜೋರಾಗಿ ಕೂಗಿ ಹೇಳುತ್ತ ಮೇಲೆ ಬರುತ್ತಿದ್ದ, ಮರೆಯಬಾರದೆಂದು. ಹೊಳೆಮ್ಮ ಸೀರೆಯ ಸೆರಗಿನಲ್ಲಿ ಮೀನು ಹಿಡಿಯುತ್ತಿದ್ದಳು. ಎದುರಿನ ಬಂಡೆಯ ಮೇಲೆ ನೀರುನಾಯಿಗಳು ಮರಿಗಳೊಂದಿಗೆ ಬಂದು ಆಡುತ್ತಿದ್ದವು. "ಅವಕ್ಕೂ ಸಂಸಾರ ಐತಿ ನೋಡು," ಎನ್ನುತ್ತಿದ್ದ ಪಾಲಪ್ಪ. ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿಯಿತೇನೋ, ಇಲ್ಲಿ ಬಿಸಿಲಿದ್ದರೂ ಹೊಳೆ ಕೆಂಪಾಗಿ ಏರತೊಡಗಿತು. ಹಳ್ಳದಲ್ಲಿ ನೀರು ಹಿಂದಕ್ಕೆ ಒತ್ತಿ ನಿಂತಿತು. ದಾರಿ ಮುಚ್ಚಿತು.

ಹಾಗೆ ಮುಚ್ಚಿದ ವಾರದಲ್ಲೇ ಪಾಲಪ್ಪನಿಗೆ ಚಳಿಜ್ವರ ಬಂತು. ಒಂದು ದಿನ ಬಿಟ್ಟು ಒಂದು ದಿನ ಗಡಗಡ ನಡುಗಿ, ಆಮೇಲೆ ಮೈ ಕಾದು, ಬೆವರಿ ಸುಸ್ತಾಗಿ ಮಲಗುತ್ತಿದ್ದ. ಡಬ್ಬಿಯ ಗುಳಿಗೆ ಮುಗಿದವು. ಹೊಳೆಮ್ಮ ಅಮೃತಬಳ್ಳಿ ತಂದು ಕುದಿಸಿ ಕುಡಿಸಿದಳು. ಏಳಲಾಗದ ದಿನವೂ ಅವನು ಅವಳ ಹೆಗಲ ಮೇಲೆ ಕೈ ಹಾಕಿ ಕಂಬದವರೆಗೆ ಹೋಗಿ ನೋಡಿ ಬರುತ್ತಿದ್ದ.

"ಬ್ಯಾಡ ಬಿಡ್ರಿ. ಒಂದಿನ ಬರೀಲಿಲ್ಲಂದ್ರ ಏನಾಗ್ತೈತಿ?" ಎಂದಳು ಅವಳು.

"ನಡುವ ಒಂದು ಸಾಲು ಖಾಲಿ ಬಿಟ್ರ ಇಡೀ ಪುಸ್ತಕ ಸುಳ್ಳು ಅನ್ನಿಸ್ತೈತಿ ಹೊಳೆಮ್ಮ. ಅವರು ನಂಬಿ ಬಿಟ್ಟು ಹೋಗ್ಯಾರ," ಎಂದ ಪಾಲಪ್ಪ.

ಜ್ವರ ಬಂದ ಹದಿಮೂರನೆಯ ದಿನ ಬೆಳಿಗ್ಗೆ ಅವನು ಏಳಲಿಲ್ಲ. ಅವಳು ಗಂಜಿ ತಂದಾಗ ಕಣ್ಣು ತೆರೆದು ನೋಡಿದ, ಗುರುತು ಹಿಡಿದಂತೆ ಕಾಣಲಿಲ್ಲ. ಬಿಸಿಲು ಡೇರೆಯ ಬಾಗಿಲಿಗೆ ಬರುವ ಹೊತ್ತಿಗೆ ಉಸಿರು ನಿಂತಿತು.

ಹೊಳೆಮ್ಮ ಅತ್ತಳು. ಬಾಯಿ ಬಿಟ್ಟು, ಎದೆ ಬಡಿದುಕೊಂಡು, ಅವನ ಗುಣ ಒಂದೊಂದೇ ಹೇಳಿಕೊಂಡು ಅತ್ತಳು. ಊರಿನಲ್ಲಾದರೆ ಒಬ್ಬಳು ಅತ್ತು ದಣಿಯುವಷ್ಟರಲ್ಲಿ ಇನ್ನೊಬ್ಬಳು ದನಿ ಎತ್ತುತ್ತಾಳೆ. ಇಲ್ಲಿ ಅವಳು ನಿಲ್ಲಿಸಿದರೆ ಅಳುವೂ ನಿಂತುಹೋಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತನ್ನ ದನಿಗೆ ತಾನೇ ಹೆದರಿ ಸುಮ್ಮನಾದಳು.

ಹೆಣ ಇಟ್ಟುಕೊಂಡು ಕೂರುವಂತಿರಲಿಲ್ಲ. ಡೇರೆಯ ಹಿಂದೆ, ಮೆತ್ತನೆಯ ಮಣ್ಣಿರುವಲ್ಲಿ ಹಾರೆಯಿಂದ ಅಗೆಯತೊಡಗಿದಳು. ಮಧ್ಯಾಹ್ನ ದಾಟುವ ಹೊತ್ತಿಗೆ ಗುಂಡಿ ಸೊಂಟದಾಳ ಆಯಿತು. ಅವನಿಗೆ ನೀರು ಹಾಕಿ, ಹಣೆಗೆ ವಿಭೂತಿ ಹಚ್ಚಿ, ಕಂಬಳಿಯ ಮೇಲೆ ಮಲಗಿಸಿ ಎಳೆದುಕೊಂಡು ಹೋದಳು. ಜ್ವರದಲ್ಲಿ ಅವನು ಎಷ್ಟು ಇಳಿದಿದ್ದನೆಂದು ಎಳೆಯುವಾಗ ತಿಳಿಯಿತು. ಮಣ್ಣು ಮುಚ್ಚಿ, ಹಳ್ಳದ ದಂಡೆಯಿಂದ ಕಲ್ಲು ಹೊತ್ತು ತಂದು ಮೇಲೆ ಒಟ್ಟಿದಳು.

ಸಂಜೆ ಕೈಕಾಲು ತೊಳೆಯಲು ಹೊಳೆಗೆ ಇಳಿದಾಗ ಕಂಬ ಕಣ್ಣಿಗೆ ಬಿತ್ತು. ಇಂದು ಒಂದು ಸಲವೂ ಬರೆದಿಲ್ಲ. ಅವಳು ಮೇಲೆ ಬಂದು ಪುಸ್ತಕ ತೆಗೆದಳು. ಅವನು ಬರೆದ ಕೊನೆಯ ಸಾಲಿನ ಕೆಳಗೆ ಬಿಳಿ ಕಾಗದ. ಅವಳಿಗೆ ಓದಲು ಬರುತ್ತಿರಲಿಲ್ಲ, ಅಂಕಿಯೂ ಗೊತ್ತಿರಲಿಲ್ಲ. ಪುಸ್ತಕವನ್ನು ತಲೆಯ ಮೇಲಿಟ್ಟುಕೊಂಡು ಮತ್ತೆ ನೀರಿಗೆ ಇಳಿದಳು. ನೀರಿಗಿಂತ ಮೇಲೆ ಕಾಣುವ ಮೊದಲ ಅಂಕಿ ಒಂದು ಕೋಲು, ಅದರ ಪಕ್ಕದಲ್ಲಿ ಒಂದು ಕುಡುಗೋಲು. ಆ ಆಕಾರವನ್ನು ಹಾಗೆಯೇ ಬರೆದಳು. ಆ ಅಂಕಿಗೂ ನೀರಿಗೂ ನಡುವೆ ಎಷ್ಟು ಗೆರೆ ಇವೆ ಎಂದು ಬೆರಳಿಟ್ಟು ಎಣಿಸಿ, ಅಷ್ಟೇ ಗೀಟು ಎಳೆದಳು. ನಾಲ್ಕು ಗೀಟು. ಪೆನ್ಸಿಲ್ ಒತ್ತಿ ಕಾಗದ ಹರಿಯಿತು. ಬೆಳಗಿನದು, ಮಧ್ಯಾಹ್ನದ್ದು ಖಾಲಿಯೇ ಉಳಿಯಿತು.

ಮರುದಿನ ಬೆಳಿಗ್ಗೆ ಕಲ್ಲಿನ ರಾಶಿಯ ಸುತ್ತ ಕತ್ತೆಕಿರುಬದ ಹೆಜ್ಜೆ ಕಂಡವು. ಎರಡು ಕಲ್ಲು ಪಕ್ಕಕ್ಕೆ ಉರುಳಿದ್ದವು. ಹೊಳೆಮ್ಮ ಅಂದು ದಿನವಿಡೀ ಜಾಲಿಯ ಮುಳ್ಳು ಕಡಿದು ತಂದು ಸುತ್ತಲೂ ಬೇಲಿ ಹಾಕಿದಳು. ತನ್ನ ಮಂಚವನ್ನು ಡೇರೆಯಿಂದ ಹೊರಗೆ ತಂದು ಬೇಲಿಗೆ ಒತ್ತಿ ಹಾಕಿಕೊಂಡಳು. ಒಲೆಯನ್ನೂ ಅಲ್ಲಿಯೇ ಹೂಡಿದಳು.

ಆಮೇಲಿನ ದಿನಗಳು ಒಂದರ ಹಾಗೆ ಒಂದು. ಏಳುವುದು, ಕಂಬ ನೋಡುವುದು, ಬರೆಯುವುದು, ರೊಟ್ಟಿ ಬಡಿಯುವುದು. ಮೊದಲ ಎರಡು ದಿನ ಮರೆತು ಇಬ್ಬರಿಗಾಗುವಷ್ಟು ಹಿಟ್ಟು ನಾದಿದಳು. ಮಧ್ಯಾಹ್ನ ಮತ್ತೆ ಕಂಬ. ಸಂಜೆ ಮತ್ತೆ ಕಂಬ. ಆ ಮೂರು ಹೊತ್ತು ಇಲ್ಲದಿದ್ದರೆ ಮಂಚದ ಮೇಲಿಂದ ಏಳುತ್ತಿದ್ದಳೋ ಇಲ್ಲವೋ. ಅಂಕಿಗಳಿಗೆ ಅವಳೇ ಹೆಸರಿಟ್ಟಳು: ಕೋಲು, ಹೆಡೆ, ಕುಡುಗೋಲು, ಬಳೆ. ಆಚೆ ದಂಡೆಯಲ್ಲಿ, ನಿಜಾಮರ ಕಡೆ, ಕೆಲವು ದಿನ ಹೊಗೆ ಏಳುತ್ತಿತ್ತು. ಒಮ್ಮೆ ಅಲ್ಲಿ ಯಾರೋ ನಿಂತಂತೆ ಕಂಡು ಸೆರಗು ಬೀಸಿದಳು. ಆ ಆಕಾರ ಅಲುಗಲಿಲ್ಲ. ಮರದ ಬೊಡ್ಡೆ ಇದ್ದಿರಬೇಕು.

ಪಾಲಪ್ಪ ಹೋದ ಒಂಬತ್ತನೆಯ ದಿನ ಹಳ್ಳದ ಆಚೆ ಆಡುಗಳ ಕೂಗು ಕೇಳಿಸಿತು. ಹೊಳೆಮ್ಮ ಓಡಿದಳು. ಆಡು ಕಾಯುವ ಎರ್ರಿಯಪ್ಪ ನಿಂತಿದ್ದ. ಬೇಸಿಗೆಯಲ್ಲಿ ಸರ್ವೆಯವರಿಗೆ ಹಾಲು ತಂದುಕೊಡುತ್ತಿದ್ದ ಮುದುಕ. ನಡುವೆ ಎರಡು ಹಗ್ಗದುದ್ದ ಕೆಂಪು ನೀರು, ಹೊಳೆಯ ಮೊರೆತ ಬೇರೆ.

"ಎರ್ರಿಯಪ್ಪಣ್ಣಾ! ನಮ್ಮ ಮನಿಯಾರು ಹೋದ್ರು!" ಎಂದು ಕೂಗಿದಳು.

ಅವನು ಕಿವಿಗೆ ಕೈ ಹಚ್ಚಿದ. "ಏನು?"

"ಮನಿಯಾರು! ಹೋದ್ರು!"

"ಪಾಲಪ್ಪ ಹೋದ್ನಾ? ಎಲ್ಲಿಗೆ ಹೋದ? ಎಂದು ಬರ್ತಾನ?"

"ಬರಂಗಿಲ್ಲೋ ಅಣ್ಣಾ! ಬರಂಗಿಲ್ಲ! ಜ್ವರ ಬಂದು…"

ಗಾಳಿ ಆ ಕಡೆಯಿಂದ ಬೀಸುತ್ತಿತ್ತು. ಅವನ ಮಾತು ಅವಳಿಗೆ ಸ್ವಚ್ಛವಾಗಿ ಕೇಳುತ್ತಿತ್ತು, ಅವಳದು ಅವನಿಗೆ ಅರ್ಧಂಬರ್ಧ ಮಾತ್ರ ತಲುಪುತ್ತಿತ್ತು. "ಆತು ಬಿಡವ್ವಾ!" ಎಂದು ಅವನು ತಲೆಯಾಡಿಸಿ ಕೂಗಿದ. "ಬಂದಮ್ಯಾಲೆ ನನಗೊಂದೀಟು ತಂಬಾಕ ಇಟ್ಟಿರಾಕ ಹೇಳು! ಹುಷಾರವ್ವಾ, ಒಬ್ಬಾಕಿ ಇದ್ದಿ!"

ಆಡುಗಳು ಮುಂದೆ ಹೋಗಿದ್ದವು. ಅವನೂ ಹೋದ. ಹೊಳೆಮ್ಮ ಅಲ್ಲಿಯೇ ಕುಳಿತಳು. ಸತ್ತರು ಎಂದು ಒಂದು ಮಾತು ಕೂಗಿದ್ದರೆ ಮುಗಿದಿತ್ತು. ಅದೊಂದು ಮಾತು ಬಾಯಿಗೆ ಬಂದಿರಲಿಲ್ಲ.

ಆಶ್ಲೇಷಾ ಮಳೆಯ ಹೊತ್ತಿಗೆ ಹೊಳೆ ಹುಚ್ಚೆದ್ದಿತು. ಅದು ಹದಿನೈದನೆಯ ದಿನ. ಬೆಳಿಗ್ಗೆ ಎರಡನೆಯ ಕಂಬ ಮುಳುಗಿತು, ಮಧ್ಯಾಹ್ನದ ಹೊತ್ತಿಗೆ ಮೂರನೆಯದರ ಬುಡ. ಬೇರುಸಹಿತ ಮರಗಳು, ಒಂದು ಗುಡಿಸಲಿನ ಚಾವಣಿ, ಸತ್ತ ಎಮ್ಮೆ ತೇಲಿಹೋದವು. ಹೊಳೆಮ್ಮ ಡೇರೆ ಬಿಚ್ಚಿ, ಹಿಟ್ಟಿನ ಚೀಲ, ಪುಸ್ತಕ ಹೊತ್ತು ಗುಡ್ಡದ ಬುಡದ ಬಂಡೆಗೆ ಸಾಗಿಸಿದಳು. ಮರುದಿನ ಮೂರನೆಯ ಕಂಬದ ತುದಿಯೂ ಕಾಣದಾಯಿತು. ಈಗ ಬರೆಯಲು ಅಂಕಿಯೇ ಇಲ್ಲ.

ಕಂಪ್ಲಿಯಲ್ಲಿ ಅವಳ ತಂದೆ ಹೊಳೆ ಏರಿದಾಗ ದಂಡೆಯ ಮರಕ್ಕೆ ಬಟ್ಟೆ ಕಟ್ಟಿ ಗುರುತು ಮಾಡುತ್ತಿದ್ದ. ಅವಳು ಗಂಡನ ಹಳೆಯ ಧೋತರ ಹರಿದು, ನೀರು ಮುಟ್ಟಿದ ಮತ್ತಿಯ ಮರಕ್ಕೆ ನೀರಿನ ಮಟ್ಟಕ್ಕೆ ಸರಿಯಾಗಿ ಬಿಗಿದು ಕಟ್ಟಿದಳು. ಮಧ್ಯಾಹ್ನ ಇನ್ನೊಂದು ಕಟ್ಟಿದಳು, ಮೊದಲನೆಯದಕ್ಕಿಂತ ಒಂದು ಗೇಣು ಮೇಲೆ. ಅಷ್ಟರಲ್ಲಿ ನೀರು ಮುಳ್ಳಿನ ಬೇಲಿಯ ಹತ್ತಿರಕ್ಕೆ ಬಂದಿತ್ತು.

ಅವಳು ಬೇಲಿಯ ಈಚೆ ಕುಳಿತು ನೀರನ್ನೇ ನೋಡಿದಳು. ಅದು ಸದ್ದಿಲ್ಲದೆ ಒಣ ಎಲೆಗಳನ್ನು ಎತ್ತಿ, ತಿರುಗಿಸಿ, ಮುಂದೆ ಮುಂದೆ ಸರಿಯುತ್ತಿತ್ತು. ಒಂದು ಮಾರು ಉಳಿಯಿತು. ಮೊಳ ಉಳಿಯಿತು. "ಗಂಗವ್ವಾ, ಇಷ್ಟ ಸಾಕವ್ವಾ," ಎಂದಳು. ಎಷ್ಟೋ ದಿನದ ಮೇಲೆ ಬಂದ ದನಿ. ಯಾರೋ ಬೇರೆಯವರು ಮಾತಾಡಿದಂತಿತ್ತು. ಮಣ್ಣನ್ನು ಎಳೆದು ಬೇಲಿಯ ಸುತ್ತ ಬದು ಹಾಕಿದಳು. ಅದರಿಂದ ಏನೂ ಆಗುವುದಿಲ್ಲವೆಂದು ಅಂಬಿಗರ ಮಗಳಿಗೆ ಗೊತ್ತಿತ್ತು. ಆದರೂ ಸಂಜೆಯವರೆಗೆ ಹಾಕಿದಳು.

ಸಂಜೆ ಮೂರನೆಯ ಬಟ್ಟೆ ಕಟ್ಟಲು ಹೋದಾಗ ನೀರು ಎರಡನೆಯ ಗಂಟಿಗಿಂತ ಎರಡು ಬೆರಳು ಮೇಲೆ ಬಂದು ನಿಂತಿತ್ತು. ಅಲ್ಲಿಗೇ ಇನ್ನೊಂದು ಗಂಟು ಹಾಕಿದಳು. ಮರುದಿನ ಬೆಳಿಗ್ಗೆ ಎರಡು ಗೇಣು ಇಳಿದಿತ್ತು. ಬೇಲಿಯ ಒಂದು ಮೂಲೆ ಮಾತ್ರ ಒದ್ದೆಯಾಗಿತ್ತು.

ಇಪ್ಪತ್ತೊಂದನೆಯ ದಿನ ಹಳ್ಳ ಇಳಿಯಿತು. ಸೊಂಟದುದ್ದ ನೀರು ಅವಳಿಗೆ ಲೆಕ್ಕವಲ್ಲ. ರೊಟ್ಟಿ ಗಂಟು ಕಟ್ಟಿಕೊಂಡು ದಾಟಿದಳು. ಬಂಡಿದಾರಿಯಲ್ಲಿ ಹುಲ್ಲು ಬೆಳೆದಿತ್ತು. ನಡೆದಳು, ಸಂಜೆಗೆ ಯಾವುದಾದರೂ ಹಳ್ಳಿ ಸಿಗುತ್ತಿತ್ತು, ಮನುಷ್ಯರ ಮುಖ ಸಿಗುತ್ತಿತ್ತು. ದಾರಿ ತಿರುಗುವಲ್ಲಿ ಹಸಿ ಮಣ್ಣಿನಲ್ಲಿ ಕಿರುಬದ ಹೆಜ್ಜೆ ಕಂಡವು, ಹೊಳೆಯ ಕಡೆಗೆ ಹೋಗಿದ್ದವು. ಅವಳು ಅಲ್ಲಿಯೇ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಹಿಂದಕ್ಕೆ ತಿರುಗಿದಳು. ಮಧ್ಯಾಹ್ನದ ಹೊತ್ತಿಗೆ ಕಂಬದ ಹತ್ತಿರ ಇದ್ದಳು. ಮರುದಿನ ಹಳ್ಳದಲ್ಲಿ ಮತ್ತೆ ನೀರು ಒತ್ತಿತು.

ಇಪ್ಪತ್ತಾರನೆಯ ದಿನ ಬೆಳಿಗ್ಗೆ ಹಳ್ಳದ ಕಡೆಯಿಂದ "ಪಾಲಪ್ಪಾ! ಏ ಪಾಲಪ್ಪಾ!" ಎಂದು ಕೂಗುವುದು ಕೇಳಿತು. ಓವರ್ಸೀರ್ ಕೊಟ್ರಯ್ಯ ನಾಲ್ಕು ಆಳುಗಳೊಂದಿಗೆ ಹರಿಗೋಲಿನಲ್ಲಿ ದಾಟುತ್ತಿದ್ದ. ದಂಡೆಗೆ ಇಳಿದವನೇ ನಗುತ್ತ, "ಎಲ್ಲಿ ನಿಮ್ಮ ದೊರಿ?" ಎಂದು ಕೇಳಿದ.

ಹೊಳೆಮ್ಮ ಪುಸ್ತಕ ತಂದುಕೊಟ್ಟಳು. ಅವನು ಕೊನೆಯ ಪುಟ ತೆಗೆದ. ಅಂದು ಬೆಳಗಿನದೂ ಬರೆದಿತ್ತು.

"ಜ್ವರ ಬಂತ್ರಿ. ನಮ್ಮ ಮನಿಯಾರು ಸತ್ತ್ರು," ಎಂದಳು ಹೊಳೆಮ್ಮ. ಈ ಸಲ ಬಾಯಿಗೆ ಬಂತು.

ಕೊಟ್ರಯ್ಯ ಅವಳ ಕೈ ನೋಡಿದ, ಬಳೆ ಇದ್ದವು. ಹಣೆ ನೋಡಿದ. "ಏನಂತಿ ಹೊಳೆಮ್ಮ? ಇವತ್ತಿಂದೂ ಬರದೈತಲ್ಲ. ಯಾವಾಗ?"

"ಇವತ್ತಿಗೆ ಇಪ್ಪತ್ತಾರು ದಿನ ಆತ್ರಿ. ಬಳಿ ತೆಗೆಯೋರು ಯಾರೂ ಇದ್ದಿಲ್ರಿ."

ಅವನು ನಿಧಾನವಾಗಿ ಪುಟಗಳನ್ನು ಹಿಂದಕ್ಕೆ ತಿರುವಿದ. ಮಗು ಬರೆದಂಥ ಸೊಟ್ಟ ಅಂಕಿಗಳು, ಪಕ್ಕದಲ್ಲಿ ಗೀಟುಗಳು. ಒಂದೊಂದು ಪುಟ ಹಿಂದೆ ಹೋದಂತೆ ಅಂಕಿಗಳು ಇನ್ನೂ ಸೊಟ್ಟ. ಆಮೇಲೆ ಎರಡು ಖಾಲಿ ಮನೆ. ಅದರ ಮೇಲೆ ಪಾಲಪ್ಪನ ದುಂಡನೆಯ ಅಕ್ಷರ. ಕೊಟ್ರಯ್ಯ ತಲೆಯ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಡುವ ಮೂರು ದಿನ ಅಂಕಿ ಇಲ್ರಿ," ಎಂದಳು ಅವಳು. "ಕಂಬ ಮುಳುಗಿದ್ವು. ಗಿಡಕ್ಕ ಬಟ್ಟಿ ಕಟ್ಟೀನಿ."

ಮತ್ತಿಯ ಮರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದಳು. ಆಳುಗಳು ದುರ್ಬೀನಿನ ಯಂತ್ರ ಹೂಡಿ ಮಟ್ಟ ತೆಗೆದರು. ಕೊಟ್ರಯ್ಯ ಎರಡು ಸಲ ನೋಡಿದ, ಬರೆದುಕೊಂಡ. "ಈ ಲೆಕ್ಕ ನಮ್ಮ ಕಡೆ ಯಾರ ಹತ್ರಾನೂ ಇಲ್ಲವ್ವಾ," ಎಂದ. ಆಮೇಲೆ ಕೇಳಿದ: "ಹೊಸ ಪುಸ್ತಕದಾಗ ಸ್ವಚ್ಛ ಬರದು ಕಳಿಸ್ತೀನಿ. ಎಲ್ಲಾ ಪಾಲಪ್ಪನ ಹೆಸರಿಗೇ ಬರೀಲೇನು? ಕಚೇರಿಯಾಗ ಹೆಣ್ಣಮಕ್ಕಳ ಹೆಸರು ಒಪ್ಪಂಗಿಲ್ಲ."

"ಬ್ಯಾಡ್ರಿ," ಎಂದಳು ಹೊಳೆಮ್ಮ. "ಅವರು ಬರದಿದ್ದು ಅವರದು. ಸತ್ತಮ್ಯಾಲಿಂದು ಅವರ ಹೆಸರಿಗೆ ಹಾಕಿದ್ರ ಸುಳ್ಳಾಗ್ತೈತಿ. ಪುಸ್ತಕ ಸುಳ್ಳಾಗಬಾರದು ಅಂತಿದ್ರು."

ಅವನು ಬಂಡೆಯ ಮೇಲೆ ಕುಳಿತು, ಆ ಎರಡು ಖಾಲಿ ಮನೆಗಳ ಪಕ್ಕದಲ್ಲಿ ಏನೋ ಬರೆದ. ಓದಿ ಹೇಳಿದ: "ಇಲ್ಲಿಂದ ಮುಂದಿನದು ಹೊಳೆಮ್ಮ ನೋಡಿ ಬರೆದದ್ದು." ಕಚೇರಿಯವರು ಅದನ್ನು ಇಟ್ಟರೋ, ಹೊಡೆದುಹಾಕಿದರೋ, ಅವಳಿಗೆ ಎಂದೂ ಗೊತ್ತಾಗಲಿಲ್ಲ.

ಆಳುಗಳು ಇನ್ನಷ್ಟು ಕಲ್ಲು ತಂದು ಸಮಾಧಿಯ ಮೇಲೆ ಗಟ್ಟಿಯಾಗಿ ಒಟ್ಟುತ್ತಿದ್ದಾಗ ಅವಳು ಕೇಳಿದಳು: "ಆಣೆಕಟ್ಟು ಕಟ್ಟಿದ್ರ ನೀರು ಇಲ್ಲಿಮಟಾ ಬರ್ತೈತೇನ್ರಿ?"

ಕೊಟ್ರಯ್ಯ ಗುಡ್ಡದ ಕಡೆ ನೋಡಿದ. "ಬರ್ತೈತಿ. ಕಟ್ಟಿದ್ರ ಇದೆಲ್ಲಾ ಮುಳಗ್ತೈತಿ. ಎಂದು ಕಟ್ತಾರೋ ಯಾರಿಗೆ ಗೊತ್ತು. ಹತ್ತು ವರ್ಷ ಆದೀತು, ಇಪ್ಪತ್ತು ಆದೀತು."

ದಿನಕ್ಕೆ ಮೂರು ಸಲ ಗಂಡ ಅಳೆದದ್ದು, ತಾನು ಅಳೆದದ್ದು ಇದಕ್ಕಾಗಿಯೇ ಎಂದು ಅವಳಿಗೆ ಈಗ ತಿಳಿಯಿತು. ಸಿಟ್ಟು ಬರಬೇಕಿತ್ತು. ಬರಲಿಲ್ಲ. "ಮುಳುಗಿದಮ್ಯಾಲೆ ಕಿರುಬ ಬರಂಗಿಲ್ಲ, ಅಲ್ಲೇನ್ರಿ?" ಎಂದಳು. ಕೊಟ್ರಯ್ಯ ಹೌದೆಂದು ತಲೆಯಾಡಿಸಿದ.

ಕಂಬ ನೋಡಲು ಒಬ್ಬ ಆಳನ್ನು ಬಿಟ್ಟರು. ಹೊಳೆಮ್ಮ ಅವನಿಗೆ ಎಲ್ಲಿ ಕಾಲಿಟ್ಟರೆ ಜಾರುವುದಿಲ್ಲ, ಎಲ್ಲಿ ನಿಂತರೆ ಗೆರೆ ಸರಿಯಾಗಿ ಕಾಣುತ್ತದೆ ಎಂದು ತೋರಿಸಿಕೊಟ್ಟಳು. ಆಮೇಲೆ ಹರಿಗೋಲು ಹತ್ತಿದಳು.

ಹೊಸಪೇಟೆಯಲ್ಲಿ ಕೊಟ್ರಯ್ಯ ಅವಳನ್ನು ಕಂಪ್ಲಿಯ ಬಂಡಿಗೆ ಹತ್ತಿಸಿದ. ಅವಳು ತವರಿಗೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಓಣಿಯ ಹೆಂಗಸರೆಲ್ಲ ಸೇರಿ, ಪಾಲಪ್ಪ ಅಂದೇ ಸತ್ತವನಂತೆ ದನಿ ಎತ್ತಿ ಅತ್ತರು. ಅವಳನ್ನು ನಡುವೆ ಕೂರಿಸಿಕೊಂಡು, ಮಾಡಬೇಕಾದದ್ದೆಲ್ಲ ಮಾಡಿದರು. ಹೊಳೆಮ್ಮನಿಗೆ ಅಳು ಬರಲಿಲ್ಲ. ಅವಳದು ಮುಗಿದು ಎಷ್ಟೋ ದಿನವಾಗಿತ್ತು. "ಭಾಳ ಗಟ್ಟಿ ಎದಿ," ಎಂದು ಯಾರೋ ಹಿಂದಿನಿಂದ ಪಿಸುಗುಟ್ಟಿದರು. ಅಷ್ಟು ಜನರ ನಡುವೆ ಕುಳಿತು, ಕಾಡಿನಲ್ಲಿದ್ದಾಗಲೂ ಇಷ್ಟು ಒಂಟಿಯಾಗಿರಲಿಲ್ಲ ಎನ್ನಿಸಿತು ಅವಳಿಗೆ.

ತಿಂಗಳು ಕಳೆಯಿತು. ತಂದೆಗೆ ವಯಸ್ಸಾಗಿತ್ತು, ಹೊಳೆಮ್ಮ ಅವನ ಜೊತೆ ಹರಿಗೋಲು ಹಾಕತೊಡಗಿದಳು. ಮನೆಯಲ್ಲಿ ಅವಳು ಮಾತಾಡುತ್ತಿದ್ದುದು ಕಡಿಮೆ. ಯಾರೂ ಆ ದಿನಗಳ ಬಗ್ಗೆ ಕೇಳುತ್ತಿರಲಿಲ್ಲ; ಕೇಳಿದರೆ ನೋವಾಗುತ್ತದೆ ಎಂದುಕೊಂಡಿದ್ದರು.

ಒಂದು ಬೆಳಿಗ್ಗೆ ದಂಡೆಯಲ್ಲಿ ಹರಿಗೋಲು ಬೋರಲು ಹಾಕಿ ತೊಗಲಿಗೆ ಎಣ್ಣೆ ಹಚ್ಚುತ್ತಿದ್ದಾಗ ತಾಯಿ ಜಂಬವ್ವ ಬುತ್ತಿ ತಂದು ಪಕ್ಕದಲ್ಲಿ ಕುಳಿತಳು. ಸ್ವಲ್ಪ ಹೊತ್ತು ಮಗಳ ಕೈಯನ್ನೇ ನೋಡುತ್ತಿದ್ದು, "ಅಷ್ಟು ದಿನ ದಿನಾ ಏನು ಮಾಡ್ತಿದ್ದಿ ನನ್ನವ್ವ?" ಎಂದು ಕೇಳಿದಳು.

ಹೊಳೆಮ್ಮ ಎಣ್ಣೆಯ ಬಟ್ಟೆ ಕೆಳಗಿಟ್ಟಳು. ಮೊದಲು ಕತ್ತೆಕಿರುಬದ ಮಾತು ಹೇಳಿದಳು. ಆಮೇಲೆ ಎರ್ರಿಯಪ್ಪ ತಂಬಾಕು ಕೇಳಿದ್ದು. ಅದನ್ನು ಹೇಳುವಾಗ ನಗು ಬಂತು, ನಗುತ್ತಿದ್ದಂತೆ ಅಳು ಬಂತು. ಜಂಬವ್ವ ನಡುವೆ ಬಾಯಿ ಹಾಕಲಿಲ್ಲ, ಕಣ್ಣೀರು ಒರೆಸಲೂ ಹೋಗಲಿಲ್ಲ. ಬಿಸಿಲು ಏರಿತು. ಆಚೆ ದಂಡೆಯಿಂದ ಯಾರೋ ಹರಿಗೋಲಿಗಾಗಿ ಕೂಗಿದರು. ತಂದೆ ಇನ್ನೊಂದರಲ್ಲಿ ಹೋದ. ಮಗಳು ಹೇಳಿ ಮುಗಿಸುವವರೆಗೆ ತಾಯಿ ಕೇಳಿದಳು. ಆಮೇಲೆ ಇಬ್ಬರೂ ಬುತ್ತಿ ಬಿಚ್ಚಿ ಉಂಡರು.